ಕಳ್ಳಿಪೀರದ ಬಾಗಿಲು

ಹಕ್ಕಿಗಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವು ಕಡಿಮೆಯಾದ ಮೇಲೆ. ಹಿಂಡಾಗಿ ಇದ್ದ ಕಾಲದಲ್ಲಿ ಅವು ನನ್ನ ಕ್ಯಾಟರಬಿಲ್ಲಿಗೆ ಗುರಿ, ಅಷ್ಟೇ. ದೊಡ್ಡಬೆಳವಂಗಲದಾಚೆಯ ನಮ್ಮ ರಾಗಿ ಹೊಲದ ಮೇಲೆ, ಸಂಜೆಯಾದರೆ ಕಳ್ಳಿಪೀರಗಳು ಕರೆಂಟಿನ ತಂತಿಯುದ್ದಕ್ಕೂ ಹಸಿರು ಮಣಿಗಳಂತೆ ಕೂತು, ಒಂದೊಂದೇ ಹಾರಿ ಗಾಳಿಯಲ್ಲೇ ಹುಳ ಹಿಡಿದು ಬರುತ್ತಿದ್ದವು ಎಂದು ಕಂಡವರಿಗೆಲ್ಲ ಹೇಳುತ್ತೇನೆ. ಆ ಹೊಲಕ್ಕೆ ಕಂಬ ಬಂದದ್ದೇ ನಾನು ಕಾಲೇಜು ಸೇರಿದ ಮೇಲೆ ಎನ್ನುತ್ತಾಳೆ ಚಿಕ್ಕಮ್ಮ. ಹಾಗಾದರೆ ನನ್ನ ಬಾಲ್ಯದ ಆ ತಂತಿಯನ್ನು ಎಳೆದವರು ಯಾರು?

ಏನಾದರಾಗಲಿ, ಅವುಗಳನ್ನು ಮರಳಿ ಕರೆಸಬೇಕೆಂದು ಹೊರಟೆ. ಹೊಲಕ್ಕೆ ಔಷಧಿ ಹೊಡೆಯುವುದನ್ನು ಬಿಟ್ಟೆ. ಹುಳಹುಪ್ಪಟೆ ಬೆಳೆಯಲೆಂದು ಬದುವಿನ ಹುಲ್ಲು ಕೊಯ್ಯಬಾರದೆಂದೆ. ಅಲ್ಲಲ್ಲಿ ಅಡ್ಡಕೋಲು ಕಟ್ಟಿದ ಕಂಬ ನೆಟ್ಟೆ. ಪಕ್ಕದ ಹೊಲ ಚಿಕ್ಕಮ್ಮನದೇ.

"ಈ ಕೋಲು ಯಾರಿಗಪ್ಪಾ?" ಎಂದಳು.

"ಹಕ್ಕಿಗೆ, ಚಿಕ್ಕಮ್ಮ. ಕೂತ್ಕೊಂಡು ಹುಳ ಹಿಡೀಲಿ ಅಂತ."

"ಹಂಗೇ ಒಂದು ಲೋಟ ಕಾಫೀನೂ ಇಡು."

ಈ ಬೇಸಿಗೆ ಒಂದು ಜೋಡಿ ಬಂದೇಬಿಟ್ಟಿತು. ನನ್ನ ಕಾಲು ನೆಲದ ಮೇಲಿರಲಿಲ್ಲ. ಅದೇ ಉಮೇದಿನಲ್ಲಿ ಒಂದು ಬೆಳಿಗ್ಗೆ, ಮಳೆಗೆ ಮುಂಚೆ ಎಲ್ಲರೂ ಮಾಡುವಂತೆ, ಬದುವಿನ ಇಲಿ ಬಿಲಗಳಿಗೆ ಹಸಿಮಣ್ಣು ತುಂಬಿ ಹಿಮ್ಮಡಿಯಿಂದ ತುಳಿದೆ. ಆಮೇಲೆ ಹೊಂಗೆಯ ನೆರಳಲ್ಲಿ ಕೂತೆ. ಹೂ ಸುಮ್ಮನೆ ಉದುರುತ್ತಿತ್ತು. ಎದುರಿನ ಕೋಲಿನ ಮೇಲೆ ಕಳ್ಳಿಪೀರ, ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆ. ನುಂಗುತ್ತಿಲ್ಲ. ಬದುವಿನವರೆಗೆ ತೇಲಿಹೋಗಿ ಮತ್ತೆ ಬಂದು ಕೂರುತ್ತದೆ. ನನಗೆ ಕೃತಜ್ಞತೆ ಸಲ್ಲಿಸುತ್ತಿದೆ ಎಂದುಕೊಳ್ಳುತ್ತ ಅರೆನಿದ್ದೆಗೆ ಜಾರಿದೆ.

ಕುಡುಗೋಲು ಹಿಡಿದು ಬಂದ ಚಿಕ್ಕಮ್ಮ ಎಬ್ಬಿಸಿದಳು. "ಎಷ್ಟೊತ್ತಿಂದ ಹಿಂಗೇ ಕೂತೈತೆ ಇದು?"

"ಒಂದು ಗಂಟೆ ಆಯ್ತು. ಎಷ್ಟು ಶಾಂತವಾಗಿದೆ ನೋಡು."

"ಶಾಂತಾನಾ! ಮರೀಗೆ ತಂದಿರೋದು ಕಣೋ ಅದು. ಗೂಡಿನ ಬಾಗ್ಲು ಹುಡುಕ್ತೈತೆ. ಬದೂನಲ್ಲಿ ಏನ್ಲಾ ಮುಚ್ದೆ?"

"ಇಲಿ ಬಿಲ..."

"ಇಲಿ ಬಿಲದ ಮುಂದೆ ಹೊಟ್ಟು ಬಿದ್ದಿರ್ತದೆ. ಇಲ್ನೋಡು, ಚಿಟ್ಟೆ ರೆಕ್ಕೆ ಬಿದ್ದವೆ. ಯಾವ ಇಲಿ ಚಿಟ್ಟೆ ಹಿಡೀತದೆ ಹೇಳು, ಎಮ್ಮೆಸ್ಸಿ ಮಾಡ್ದೋನೆ?"

ಮಣ್ಣು ಆಗಲೇ ಗಟ್ಟಿಯಾಗಿತ್ತು. ನಾನು ಬೆರಳಿನಿಂದಲೇ ಕೆದಕತೊಡಗಿದೆ. ಅವಳು ನನ್ನನ್ನು ಪಕ್ಕಕ್ಕೆ ತಳ್ಳಿ, ಕುಡುಗೋಲಿನ ತುದಿಯಿಂದ ಮಣ್ಣನ್ನು ಚೂರುಚೂರೇ ಕೆರೆದು ತೆಗೆದು, ಕಿವಿಯಿಟ್ಟಳು. ಅಷ್ಟರಲ್ಲೇ ನಾನು ಮಾಡಿದ ಹಕ್ಕಿಸೇವೆಯೆಲ್ಲ ಕರಗಿಹೋಯಿತು.

"ಬದುಕವೆ," ಎಂದಳು. "ನೀನು ಆ ಕಡೆ ಹೋಗು. ನೀನಿದ್ರೆ ಅದು ಬರಲ್ಲ."

"ಮತ್ತೆ ನೀನು?"

"ನನ್ನ ಕಂಡ್ರೆ ಅದಕ್ಕೇನೂ ಭಯ ಇಲ್ಲ. ದಿನಾ ಇಲ್ಲೇ ಹುಲ್ಲು ಕುಯ್ತೀನಲ್ಲ."

ಯಾವ ಹುಲ್ಲು ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೊಂಗೆಮರದ ಹಿಂದೆ, ಬದುವಿಗೆ ಬೆನ್ನು ಮಾಡಿ, ಶಿಕ್ಷೆಗೆ ನಿಲ್ಲಿಸಿದ ಹುಡುಗನಂತೆ ನಿಂತೆ. ಎಷ್ಟು ಹೊತ್ತೋ. ಕೊನೆಗೆ ಅವಳ ದನಿ ಕೇಳಿತು: "ಹೋಯ್ತು ಒಳಕ್ಕೆ."

ಈಗ ಕಣ್ಣು ಮುಚ್ಚಿದರೆ ಸಾಕು, ಆ ಹಸಿರು ರೆಕ್ಕೆ ಮಡಿಚಿಕೊಂಡು, ಬಾಲ ಕಿರಿದಾಗಿಸಿ ಕತ್ತಲೆಯೊಳಗೆ ನುಸುಳುವುದು ಸ್ಪಷ್ಟವಾಗಿ ಕಾಣುತ್ತದೆ. ಕೇಳಿದವರಿಗೆಲ್ಲ ವರ್ಣಿಸಿ ಹೇಳುತ್ತೇನೆ. ನೋಡಿದವಳು ಚಿಕ್ಕಮ್ಮ; ನನ್ನ ಕಣ್ಣೆದುರಿಗೆ ಇದ್ದದ್ದು ಹೊಂಗೆಯ ತೊಗಟೆ.