ಎಂಟು ಕೋರಿನ ಸಂಸಾರ

ಸ್ನಾನ ಮುಗಿಸಿದ ನೆವಿಲ್ ಟ್ರೆಲೋರ್ ಸೊಂಟಕ್ಕೊಂದು ಟವೆಲು ಸುತ್ತಿಕೊಂಡು, ಒಗೆದ ಚಡ್ಡಿ ಹುಡುಕುತ್ತ ಅಡುಗೆಮನೆಯನ್ನು ಹಾದುಹೋದದ್ದು ಎರಡೇ ಸೆಕೆಂಡು. ಸರಿಯಾಗಿ ಆ ಗಳಿಗೆಗೇ ಹೆಂಡತಿ ಗ್ಲೆನಿಸ್‌ಳ ವಿಡಿಯೋ ಸಭೆ ಕಲ್ಲಾಗಿ ನಿಂತಿತು. ಟೂವೂಂಬಾ ಊರಿನ ಕೇಕ್ ಬಳಗದ ಹತ್ತೊಂಬತ್ತು ಮಂದಿ ಮಹಿಳೆಯರು ನಾಲ್ಕು ನಿಮಿಷ ನೆವಿಲ್‌ನ ನಿಶ್ಚಲ ದರ್ಶನ ಪಡೆದರು. (ಟವೆಲು ಕೈ ಒರೆಸುವುದು. ಮೈ ಒರೆಸುವುದು ಇನ್ನೂ ತಂತಿಯ ಮೇಲೆ ಒಣಗುತ್ತಿತ್ತು.)

ತಪ್ಪು ನೆವಿಲ್‌ನದೇ. ಮೂವತ್ತು ವರ್ಷ ಸರ್ವೇಯರ್ ಆಗಿ ಊರವರ ಜಮೀನು ಅಳೆದು ಪಾಲು ಮಾಡಿದ ಕೈ. ನಿವೃತ್ತಿಯಾದ ಮೇಲೆ ಪಾಲು ಮಾಡಲು ಏನೂ ಸಿಗದೆ ಒಂದು ಸರ್ವರ್ ತಂದು ಬಟ್ಟೆ ಒಗೆಯುವ ಕೋಣೆಯಲ್ಲಿ ಫ್ರೀಜರಿನ ಮೇಲೆ ಪ್ರತಿಷ್ಠಾಪಿಸಿದ್ದ. ಮನೆಯ ಉಳಿದ ಕಂಪ್ಯೂಟರುಗಳನ್ನೆಲ್ಲ ದಾನ ಮಾಡಿ, ಆ ಒಂದೇ ಪೆಟ್ಟಿಗೆಯೊಳಗೆ ನಾಲ್ಕು ವರ್ಚುವಲ್ ಮಶೀನು ಹೂಡಿದ್ದ. ಅಂದರೆ ಇದ್ದೂ ಇಲ್ಲದ, ಆದರೂ ಕೆಲಸ ಮಾಡುವ ನಾಲ್ಕು ಯಂತ್ರಗಳು. ಅಡುಗೆಮನೆಯ ಪರದೆಯ ಹಿಂದಿದ್ದದ್ದೂ ಅವುಗಳಲ್ಲೊಂದೇ. ಪೆಟ್ಟಿಗೆಯ ಪ್ರೊಸೆಸರಿಗೆ ಎಂಟು ಕೋರು, ಅಂದರೆ ಎಂಟು ಮಿದುಳು. ಹೊಲವನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟವರು ಅರ್ಧ ಪಾಲಾದರೂ ಬಿಡುತ್ತಾರೆ. ನೆವಿಲ್‌ನ ಕೋರಿನ ಹಂಚಿಕೆ ಹೇಗಿತ್ತೆಂಬುದನ್ನು ಗ್ಲೆನಿಸ್ ಅಂದು ಮೊದಲ ಸಲ ವಿಚಾರಿಸಿದಳು.

"ನನಗೆಷ್ಟು ಕೊಟ್ಟಿದ್ದೀಯ?"

"ಒಂದು."

"ಸಿನಿಮಾ ಇಟ್ಟಿರೋದಕ್ಕೆ?"

"ಒಂದು."

"ಕೋಳಿಗೂಡಿನ ಕ್ಯಾಮೆರಾಕ್ಕೆ?"

"ಅದಕ್ಕೂ ಒಂದೇ."

"ಕೋಳಿಗೂ ಒಂದು, ನನಗೂ ಒಂದು!"

"ಕೋಳಿ ಏಳಿವೆ ಕಣೇ. ತಲೆ ಲೆಕ್ಕ ಹಾಕಿದ್ರೆ ನಿನಗೇ ಜಾಸ್ತಿ."

ಉಳಿದ ಐದು ಕೋರು ಎಲ್ಲಿಗೆ ಹೋದವೆಂದು ಕೇಳಬೇಕಾಗಿರಲಿಲ್ಲ. ಅವು ನೆವಿಲ್‌ನ ಹವಾಮಾನ ಯಂತ್ರದ ಪಾಲು. ನಾಲ್ಕು ವರ್ಷಗಳಿಂದ ಒಂದು ನಿಮಿಷವೂ ನಿಲ್ಲದೆ ಅದು ಮಳೆಯ ಭವಿಷ್ಯ ನುಡಿಯುತ್ತಿತ್ತು. ಮಳೆಯೂ ತನ್ನ ಪಾಡಿಗೆ ಬರುತ್ತಿತ್ತು. ಒಂದಕ್ಕೊಂದು ಸಂಬಂಧವಿರಲಿಲ್ಲ. ಆದರೆ ಆ ಅಖಂಡ ಓಟದ ದಿನಗಳನ್ನು ನೆವಿಲ್ ಮಗುವಿನ ವಯಸ್ಸು ಹೇಳಿದಂತೆ ಹೇಳುತ್ತಿದ್ದ.

"ಬರೋ ಮಂಗಳವಾರ ನಾನು ಸ್ಪಾಂಜ್ ಕೇಕ್ ಹೇಳಿಕೊಡಬೇಕು," ಎಂದಳು ಗ್ಲೆನಿಸ್. "ಮೊಟ್ಟೆ ನೊರೆ ಬರೋ ಹೊತ್ತಲ್ಲಿ ಮತ್ತೆ ನಿಂತ್ರೆ, ಆ ಪೆಟ್ಟಿಗೇಲಿ ಕೋಳಿಗೆ ಗೂಡು ಮಾಡ್ತೀನಿ."

ನೆವಿಲ್ ಆ ಸಂಜೆಯೇ ಅವಳಿಗೆ ಎಂಟು ಕೋರು ಬರೆದುಕೊಟ್ಟ. ಪೂರ್ತಿ ಎಂಟು! ಭಾನುವಾರ ಅವಳು ನಾದಿನಿ ಬೆರಿಲ್ ಜೊತೆ ಮಾತಾಡಿ ನೋಡಿದರೆ ಪರದೆ ಮೊದಲಿಗಿಂತಲೂ ಹೆಚ್ಚು ತೊದಲಿತು. ಗ್ಲೆನಿಸ್ ಕನ್ನಡಕ ಏರಿಸಿಕೊಂಡು ಹಂಚಿಕೆಯ ಪಟ್ಟಿಯ ಮುಂದೆ ನಿಂತಳು.

"ನನ್ನದು ಎಂಟು. ನಿನ್ನ ಮಳೆಯದು ಇನ್ನೂ ಐದು. ಕೋಳಿ ಒಂದು, ಸಿನಿಮಾ ಒಂದು. ಹದಿನೈದಾಯ್ತಲ್ಲೋ ನೆವ್! ಇರೋದೇ ಎಂಟು."

"ಇದ್ದದ್ದಕ್ಕಿಂತ ಜಾಸ್ತಿ ಬರೆದ್ರೂ ಇದು ಬೇಡ ಅನ್ನಲ್ಲ ಕಣೇ. ಸರದಿ ಮೇಲೆ ಹಂಚಿಕೊಳ್ತವೆ."

"ಹೀಗೇ ಅಳೆದುಕೊಟ್ಯಾ ಊರವರ ಜಮೀನನ್ನೂ?"

ಆ ಮಾತು ನಾಟಿತು. ಒಂದು ಗೇಣು ಬೇಲಿ ಆಚೀಚೆಯಾದರೂ ಮರಳಿ ಹೋಗಿ ಅಳೆದು ಬಂದ ಮನುಷ್ಯ ಅವನು.

ಮಂಗಳವಾರ ಬೆಳಿಗ್ಗೆ ಯಾರಿಗೂ ಹೇಳದೆ ಕೋಳಿ ಕ್ಯಾಮೆರಾ ನಿಲ್ಲಿಸಿದ, ಸಿನಿಮಾ ನಿಲ್ಲಿಸಿದ. ಹವಾಮಾನ ಯಂತ್ರದ ಮುಂದೆ ಸ್ವಲ್ಪ ಹೊತ್ತು ಕೂತ. ಒಂದು ಸಾವಿರದ ಐನೂರ ಮೂರನೆಯ ದಿನ. ಅದನ್ನೂ ನಿಲ್ಲಿಸಿದ. ಈಗ ಎಂಟೂ ಕೋರು, ಅಪ್ಪಟವಾಗಿ, ಗ್ಲೆನಿಸ್‌ಳ ಪಾದಾರವಿಂದಕ್ಕೆ.

ಅಡುಗೆಮನೆಯಲ್ಲಿ ಮೊಟ್ಟೆ ಕಡೆಯುವ ಸದ್ದು, ಹೆಂಗಸರ ನಗು. ನೆವಿಲ್ ಫ್ರೀಜರಿನ ಪಕ್ಕ ಸ್ಟೂಲು ಹಾಕಿಕೊಂಡು ಕೋರುಗಳ ಭಾರ ತೋರಿಸುವ ಗೆರೆಗಳನ್ನೇ ಕಾವಲು ಕಾದ. ಗೆರೆಗಳು ಒಂದೂ ಮೇಲೇಳಲಿಲ್ಲ. ನೂರಕ್ಕೆ ಒಂದು ಪಾಲಿನಷ್ಟೂ ಭಾರವಿಲ್ಲ! ಪಾಲು ಸರಿಯಾಗಿದ್ದರೆ ಯಂತ್ರ ಎಷ್ಟು ಹಗುರಾಗಿ ಓಡುತ್ತದೆ ನೋಡು ಎಂದುಕೊಂಡ. ಒಂದೂವರೆ ಗಂಟೆ ಅಲುಗಾಡದೆ ಕೂತು ಕಾಲು ಜೋಮು ಹಿಡಿಯಿತು. ಎದೆ ಮಾತ್ರ ಉಬ್ಬಿಯೇ ಇತ್ತು.

ತರಗತಿ ಮುಗಿದ ಸದ್ದಾದ ಕೂಡಲೇ ಕುಂಟುತ್ತ ಒಳಗೆ ಬಂದ. ಗ್ಲೆನಿಸ್ ಕೇಕಿನ ಮೇಲೆ ಕೆನೆ ಸವರುತ್ತಿದ್ದಳು.

"ಹೇಗಿತ್ತು? ಎಲ್ಲಾದ್ರೂ ನಿಂತಿತಾ?"

"ಇಲ್ಲವಲ್ಲ," ಎಂದಳು ಗ್ಲೆನಿಸ್, ಚಾಕು ನೆಕ್ಕುತ್ತ. "ಫೋನಲ್ಲೇ ಹೇಳಿಕೊಟ್ಟೆ, ಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟುಕೊಂಡು."