ಗೋಲ್‌ಕೀಪರ್ ಕೇಳಲು ಹೋದದ್ದು

ಕಾಲೇಜಿನಲ್ಲಿ ಕೆಲಸ ಮಾಡುವವರು ಸ್ಟಾಫ್ ಮೀಟಿಂಗಿನ ದಿನ ರಜೆ ಹಾಕಬಾರದು. ಎಪ್ಪತ್ತರ ದಶಕದ ಕೊನೆಯಲ್ಲಿ ಬೆಳಗಾವಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದ ನಾನು ಹಾಗೆ ರಜೆ ಹಾಕಿ ಮರುದಿನ ಬಂದರೆ, ಫುಟ್‌ಬಾಲ್ ತಂಡದ ಉಸ್ತುವಾರಿ ನನ್ನ ಕೊರಳಿಗೆ ಬಿದ್ದಿತ್ತು. "ನೀವೇನ್ ಆಡೂದೈತ್ರೀ? ಹನ್ನೊಂದು ಮಂದೀನ ಮೈದಾನಕ್ಕ ನಿಲ್ಲಸ್ರಿ, ಸಾಕು. ಈ ಸಲಾನೂ ಮೊದಲನೇ ಮ್ಯಾಚಿಗೇ ಸೋತ್ರ ಟೀಮ್ ಬಂದ್" ಎಂದರು ಪ್ರಿನ್ಸಿಪಾಲರು. ಆ ಹನ್ನೊಂದೇ ನನ್ನ ಜೀವ ತಿಂದದ್ದು. ಸೀಸನ್ನಿಗೆ ಹತ್ತು ದಿನವಿರುವಾಗ ಗೋಲ್‌ಕೀಪರ್ ಮಲ್ಲಿಕಾರ್ಜುನ ನಾಪತ್ತೆ. ಖಾನಾಪುರದಲ್ಲಿ ಹಂಚಿನ ಭಟ್ಟಿ ಇಟ್ಟಿದ್ದ ಅವನ ಅಪ್ಪ ಬಸಲಿಂಗಪ್ಪನವರು ಆಟ ಬಿಡಿಸಿ ಭಟ್ಟಿಯಲ್ಲಿ ಕೂರಿಸಿದ್ದಾರೆಂದು ಹುಡುಗರು ಸುದ್ದಿ ತಂದರು.

ಅವರನ್ನು ಒಪ್ಪಿಸಲು ಶುಕ್ರವಾರ ಬಸ್ಸು ಹತ್ತಿದೆ. ಮಣ್ಣಿನ ಗಡಿಗೆ ಕೊಳ್ಳುವುದಿದೆ ಎಂದು ಹೆಂಡತಿಯೂ ಬಂದಳು. ಬಂದವಳು ಸುಮ್ಮನೆ ಬರಬಾರದೆ? ಬರಿಗೈಲಿ ಮಂದಿಯ ಮನೆಗೆ ಹೋಗಬಾರದೆಂದು ತೆಂಗಿನಕಾಯಿ, ಬಾಳೆಹಣ್ಣು ಬೇರೆ ಹಿಡಿದಿದ್ದಳು. ಗಂಡಹೆಂಡಿರು ಶುಕ್ರವಾರ ಕಾಯಿ ಹಿಡಿದು ಬಂದದ್ದನ್ನು ಕಂಡ ಬಸಲಿಂಗಪ್ಪನವರು, ಹೆಣ್ಣಿನ ಕಡೆಯವರು ವರನ ಮನೆ ನೋಡಲು ಬಂದಿದ್ದಾರೆಂದೇ ತಿಳಿದರು. ಜಮಖಾನೆ ಬಿತ್ತು, ಅವಲಕ್ಕಿ ಬಂತು.

"ಬರ್ರಿ ಸರ, ಕುಂದರ್ರಿ. ಹುಡುಗಗ ಯಾವ ಚಟಾನೂ ಇಲ್ರಿ. ಚಂಡಿನ ಹುಚ್ಚು ಒಂದಿತ್ತು, ಅದನೂ ಬಿಡಿಸೇನಿ. ಬೂಟು ಅಟ್ಟಕ್ಕ ಹಾಕೇನಿ!"

"ಇಲ್ರಿ, ನಾ ಬಂದಿದ್ದೇ ಅವ ಆಡಲಿ ಅಂತ ಕೇಳಾಕ" ಎಂದೆ. ಅವರು ಗಹಗಹಿಸಿ ನಕ್ಕರು. "ಪರೀಕ್ಷಾ ಮಾಡಾಕತ್ತೀರೇನ್ರಿ? ನಾನೂ ಮೂರು ಹೆಣ್ಣಮಕ್ಕಳ ಮದುವಿ ಮಾಡೇನ್ರಿ! ಅದಿರಲಿ, ಹುಡುಗಿ ಎಷ್ಟು ಕಲ್ತಾಳ?" ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ, "ಪಿ.ಯು.ಸಿ. ಮುಗಿಸ್ಯಾಳ್ರಿ, ನನ್ನ ತಂಗಿ ಸುಮಿತ್ರಾ" ಎಂದುಬಿಟ್ಟಳು. ಬಾಗಿಲ ಮರೆಯಲ್ಲಿದ್ದ ಮಲ್ಲಿಕಾರ್ಜುನ ನನ್ನನ್ನೇ ನೋಡುತ್ತಿದ್ದ. ಪಾಪ, ಎಂಥ ಚೆಂಡು ಬಂದರೂ ಹೆದರದ ಹುಡುಗ ಅವನು.

ಬಸ್ಸಿನಲ್ಲಿ ನಾನು ಕೂಗಾಡಿದೆ. "ನನಗ ಬೇಕಾಗಿದ್ದು ಗೋಲ್‌ಕೀಪರ್!" ಗಡಿಗೆಯನ್ನು ತೊಡೆಯ ಮೇಲೆ ಸರಿಪಡಿಸಿಕೊಳ್ಳುತ್ತ ಅವಳೆಂದಳು: "ಹುಡುಗ ಚಲೋ ಅದಾನ. ಸುಮಿತ್ರಾಗ ಪತ್ರ ಬರೀತೀನಿ." ಬರೆದೂ ಬರೆದಳು. ಅತ್ತ ಗೋಲಿನಲ್ಲಿ ನಿಲ್ಲಿಸಿದ ಬದಲಿ ಹುಡುಗ ಚೆಂಡು ಬಂದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ. ನನಗೆ ಊಟ ಸೇರುತ್ತಿರಲಿಲ್ಲ.

ಮ್ಯಾಚಿಗೆ ಎರಡು ದಿನವಿರುವಾಗ ನಾದಿನಿಯ ಉತ್ತರ ಬಂತು. ಓದಿದವನೇ ಜೇಬಿಗಿಳಿಸಿ ಖಾನಾಪುರಕ್ಕೆ ಓಡಿದೆ. ಕಾಗದದ ಕೆಳತುದಿಯನ್ನು ಮಡಚಿ ಹಿಡಿದು ಬಸಲಿಂಗಪ್ಪನವರಿಗೆ ಗಟ್ಟಿಯಾಗಿ ಓದಿದೆ: "ಅಕ್ಕಾ, ಆಟಾ ಬಿಟ್ಟ ಹುಡುಗ ನನಗ ಬ್ಯಾಡ. ಆಡಾವ ಆದ್ರ ನೋಡೂಣು." ಅವರು ತಾವೇ ಏಣಿ ಹಾಕಿ ಅಟ್ಟ ಹತ್ತಿ, ಬೂಟು ಇಳಿಸಿ, ಧೂಳು ಒರೆಸಿ ಮಗನ ಕೈಗಿತ್ತರು.

"ತೋರಸ್ರಿ ಸರ, ಅಕ್ಷರ ಎಷ್ಟು ದುಂಡಗೆ ಬರದಾಳ ನಮ್ಮ ಹುಡುಗಿ" ಎಂದು ಕೈಚಾಚಿದರು. ನಾನು ಕೊಡಲಿಲ್ಲ. ಮಡಚಿದ ತುದಿಯಲ್ಲಿ ಇನ್ನೊಂದು ಸಾಲಿತ್ತು: "ಬರೇ ಪುಸ್ತಕಾ ಹಿಡಕೊಂಡು ಕುಂಡ್ರಾವ ನಮ್ಮ ಮನಿತನಕ್ಕ ಭಾವ ಒಬ್ಬನ ಸಾಕು."