ಸೊನ್ನೆ ರೂಪಾಯಿ ಟಿಕೆಟ್ಟು, ಜರ್ಮನಿ ಲೇತು

ನಾನು ಸುಮ್ಮನೆ ಸ್ಟೂಲ್ ಮೇಲೆ ಕೂತಿದ್ದರೂ ಇಂಥವೆಲ್ಲ ನನ್ನನ್ನೇ ಹುಡುಕಿಕೊಂಡು ಕುಮಾರಸ್ವಾಮಿ ಲೇಔಟಿನ ತನಕ ಬರುತ್ತವೆ. ವಿಳಾಸ ಯಾರು ಕೊಡ್ತಾರೋ ಗೊತ್ತಿಲ್ಲ.

ನನ್ನದೊಂದು ಲೇತ್ ಶೆಡ್ಡು. ಕಬ್ಬಿಣದ ಸರಳು ಕಟ್ಟಿ, ಗಿರ್ರನೆ ತಿರುಗಿಸಿ, ಬೇಕಾದ ಅಳತೆಗೆ ಕಡೆಯೋ ಕೆಲಸ. ಓದು ಅಂದ್ರೆ, ಮೂರನೇ ಕ್ಲಾಸಿನ ಬಾಗಿಲ ತನಕ ಹೋಗಿದ್ದೆ, ಒಳಗೆ ಹೋಗಲಿಲ್ಲ. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಆದರೆ ನನ್ನ ಕೈ ಬಗ್ಗೆ ಯಾರನ್ನಾದರೂ ಕೇಳಿ. ಒಂದು ಸಲ ಯುಗಾದಿಗೆ ನಾನು ಕಡೆದು ಬಿಟ್ಟ ಬುಗುರಿ ಗೌರಿ ಹಬ್ಬ ಬಂದರೂ ನಿಂತಿರಲಿಲ್ಲ. "ನಿಂತಿರಲಿಲ್ಲ ಅಲ್ಲ, ಕಳೆದುಹೋಗಿತ್ತು" ಅಂತಾಳೆ ನನ್ನ ಹೆಂಡತಿ. ಅದೂ ನಿಜವೇ. ತಿರುಗ್ತಾ ತಿರುಗ್ತಾ ಎಲ್ಲಿಗೋ ಹೋಯ್ತು.

ಹತ್ತಿರದಲ್ಲೇ ಇಂಜಿನಿಯರಿಂಗ್ ಕಾಲೇಜು. ಅಲ್ಲಿನ ಹುಡುಗರು ಪ್ರಾಜೆಕ್ಟು ಮಾಡಿಸೋಕೆ ನನ್ನ ಹತ್ತಿರ ಬರ್ತಾರೆ. ಅವರಲ್ಲಿ ಕೆಲವರನ್ನು ಕೊನೆಯ ಸೆಮಿಸ್ಟರಿಗೆ ಹೊರದೇಶದ ಕಾರ್ಖಾನೆಗೆ ಆರು ತಿಂಗಳ ಟ್ರೈನಿಂಗಿಗೆ ಕಳಿಸ್ತಾರೆ. ಆರು ತಿಂಗಳಾದ ಮೇಲೆ ಅಲ್ಲಿನ ಸಾಹೇಬ ಒಂದು ಕಾಗದಕ್ಕೆ ಸಹಿ ಹಾಕಬೇಕು. ಸಹಿ ಬಿತ್ತೋ, ಡಿಗ್ರಿ. ಬೀಳಲಿಲ್ಲವೋ, ಇನ್ನೊಂದು ವರ್ಷ ಕಾಲೇಜಿನ ಬೆಂಚೇ ಗತಿ. ಈಗ ಹೇಳ್ತಿರೋದು ಅಂಥ ಒಂದು ಸಹಿಯ ವಿಷಯ.

ಪ್ರೊಫೆಸರ್ ಆದ ಬಗೆ

ಗದಗ ಕಡೆಯ ಒಂದು ಹುಡುಗಿ. ಬಿಟಿಎಂನಲ್ಲಿ ಪಿಜಿ, ದಿನಾ ಬಸ್ಸಲ್ಲಿ ಓಡಾಟ. ಬೇರೆ ಮಕ್ಕಳೆಲ್ಲ ನನ್ನನ್ನು ಅಂಕಲ್ ಅಂದರೆ ಇವಳು ಮೊದಲ ದಿನವೇ "ಅಜ್ಜಾ, ನಾನೂ ಲೇತ್ ತಿರುಗಿಸ್ತೀನ್ರಿ" ಅಂದಳು. ಉಳಿದವರು ಪ್ರಾಜೆಕ್ಟು ಕೊಟ್ಟು ಟೀ ಕುಡಿಯೋಕೆ ಹೋದರೆ ಇವಳು ನಿಂತು ಕಲಿತಳು. ಬೆಳಿಗ್ಗೆ ಬಂದ ಕೂಡಲೇ ಯಂತ್ರ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋದರಿಂದ ಹಿಡಿದು ಎಲ್ಲ ನಾನೇ ಹೇಳಿಕೊಟ್ಟಿದ್ದು.

ಜರ್ಮನಿಯ ಒಂದು ಕಾರ್ಖಾನೆಯಿಂದ ಇವಳಿಗೆ ವಿಡಿಯೋ ಇಂಟರ್‌ವ್ಯೂ ಬಂತು. ಅವತ್ತು ಪಿಜಿಯಲ್ಲಿ ಕರೆಂಟಿಲ್ಲ. ಓಡಿ ಬಂದು ಫೋನನ್ನು ನನ್ನ ಟೂಲ್ ಬಾಕ್ಸಿಗೆ ಒರಗಿಸಿ ನಿಂತಳು. ನಾನು ಹಿಂದೆ ನನ್ನ ಪಾಡಿಗೆ ಬನೀನಿನಲ್ಲಿ ಸರಳು ಕಡೀತಾ ಇದ್ದೆ.

ಸಾಹೇಬ ಏನೋ ಕೇಳಿದ. ಹುಡುಗಿ ಬಿಳಿಚಿಕೊಂಡಳು, ಆಮೇಲೆ ಏನೋ ಹೇಳಿದಳು. ನನ್ನ ಕಡೆ ತಿರುಗಿ ಪಿಸುಗುಟ್ಟಿದಳು: "ಅಜ್ಜಾ, ಹಿಂದ ಇರೋರು ಯಾರು ಅಂತ ಕೇಳಿದ್ರು. ಗಾಬರಿಯಾಗಿ ನಮ್ಮ ಪ್ರೊಫೆಸರ್ ಅಂದುಬಿಟ್ಟೆ."

"ಅದರಲ್ಲಿ ಸುಳ್ಳೇನಿದೆ?" ಅಂದೆ.

ಒಳಗಿನಿಂದ ಹೆಂಡತಿ ಅಂದಳು, "ಪ್ರೊಫೆಸರಿಗೆ ಒಂದು ಶರ್ಟಾದ್ರೂ ಕೊಡಮ್ಮ."

ಸಾಹೇಬ ಬಿಡಲಿಲ್ಲ. ನಿಮ್ಮ ಪ್ರೊಫೆಸರ್ ಅಳತೆ ಸರಿಯಾಗಿದೆ ಅಂತ ಹೇಗೆ ತಿಳಿದುಕೊಳ್ತಾರೆ, ಕೇಳಿ ಅಂದ. ನಾನು ಸರಳಿನ ಮೇಲೆ ಹೆಬ್ಬೆರಳಿನ ಉಗುರು ಎಳೆದು, ಕಣ್ಣು ಮುಚ್ಚಿ ಅಳತೆ ಹೇಳಿದೆ. ಹುಡುಗಿ ವರ್ನಿಯರ್ ಹಿಡಿದು ಅಳೆದು ಕ್ಯಾಮೆರಾಗೆ ತೋರಿಸಿದಳು. ಕೂದಲೆಳೆಯ ಅರ್ಧದಷ್ಟು ವ್ಯತ್ಯಾಸ ಬಂತು.

ಸಾಹೇಬ ಬಾಯಿ ತೆರೆದು ಕೂತುಬಿಟ್ಟ. ಅವಳು ಸೆಲೆಕ್ಟ್ ಆದಳು. ಆ ಅರ್ಧ ಕೂದಲಿನ ವಿಷಯವನ್ನು ಇಲ್ಲೇ ಸ್ಪಷ್ಟ ಮಾಡಿಬಿಡ್ತೀನಿ. ತಪ್ಪು ವರ್ನಿಯರಿನದು. ಇಪ್ಪತ್ತು ವರ್ಷದಿಂದ ಅದಕ್ಕೆ ಹೇಳ್ತಾನೇ ಇದ್ದೀನಿ.

ಕಣ್ಣಿಗೆ ಒತ್ತಿಕೊಂಡದ್ದು

ಹೋದ ಎರಡನೇ ದಿನವೇ ಫೋನು. "ಅಜ್ಜಾ, ಕಣ್ಣು ಕೆಂಪಗಾಗ್ಯಾವ್ರಿ."

ಅಳ್ತಿದ್ದಾಳೆ ಅಂದುಕೊಂಡು ನನ್ನ ಹೆಂಡತಿ ಫೋನು ಕಿತ್ತುಕೊಂಡಳು. "ಊಟ ಸೇರ್ತಿಲ್ವೇನೇ ಮಗಳೇ?"

"ಊಟ ಸೇರ್ತೈತ್ರಿ ಅಜ್ಜಿ. ನಮಸ್ಕಾರ ಸೇರವಲ್ದು."

ಆಗಿದ್ದು ಇಷ್ಟು. ಮೊದಲ ದಿನ ಯಂತ್ರದ ಮುಂದೆ ನಿಂತು, ನಾನು ಹೇಳಿಕೊಟ್ಟ ಹಾಗೆ, ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡಿದ್ದಾಳೆ. ಅಲ್ಲಿ ಸುರಕ್ಷತೆ ನೋಡಿಕೊಳ್ಳೋಕೆ ಅಂತಲೇ ಒಬ್ಬ ಕಾವಲಿನವನು ಇರ್ತಾನಂತೆ. ಅವನು ದೂರದಿಂದ ನೋಡಿದವನೇ ಓಡಿ ಬಂದ. ಕಣ್ಣಿಗೆ ಎಣ್ಣೆ ಬಿತ್ತು ಅಂತ ತೀರ್ಮಾನ ಮಾಡಿ, ಇವಳನ್ನು ಎಳೆದುಕೊಂಡು ಹೋಗಿ, ಕಣ್ಣು ತೊಳೆಯೋ ನಲ್ಲಿಯ ಕೆಳಗೆ ಕಾಲು ಗಂಟೆ ಹಿಡಿದ. ಏನೂ ಆಗಿಲ್ಲ ಅಂತ ಇವಳು ಹೇಳಿದಷ್ಟೂ ಅವನು ಹೆಚ್ಚು ನೀರು ಬಿಟ್ಟ. ಎರಡನೇ ದಿನವೂ ಅದೇ ನಮಸ್ಕಾರ, ಅದೇ ನಲ್ಲಿ.

"ನಮಸ್ಕಾರ ಬಿಡ್ಲೇನ್ರಿ?"

"ಬಿಡಬೇಡ. ಮನಸ್ಸಲ್ಲೇ ಮಾಡು" ಅಂದೆ. "ಲೇತಿಗೆ ಅರ್ಥವಾಗುತ್ತೆ, ಕಾವಲಿನವನಿಗೆ ಗೊತ್ತಾಗಲ್ಲ."

ಮೂರನೇ ದಿನ ಅವಳು ಹೋಗಿ ನೋಡ್ತಾಳೆ, ಯಂತ್ರಕ್ಕೊಂದು ಹಳದಿ ಬೋರ್ಡು ನೇತುಹಾಕಿದ್ದಾರೆ. 'ಎಚ್ಚರಿಕೆ: ಈ ಯಂತ್ರದಿಂದ ಕಣ್ಣಿಗೆ ತೊಂದರೆಯಾದ ಪ್ರಕರಣಗಳಿವೆ.'

ತೊಂಬತ್ತೆಂಟು ಪರ್ಸೆಂಟಿನ ಅಪ್ಪ

ಅದೇ ಕಾರ್ಖಾನೆಗೆ ಇವಳ ಜೊತೆ ಜಯನಗರದ ಹುಡುಗ ಒಬ್ಬ ಹೋಗಿದ್ದ. ಕಾಲೇಜಿಗೇ ಫಸ್ಟು, ತೊಂಬತ್ತೆಂಟು ಪರ್ಸೆಂಟು. ಕಬ್ಬಿಣವನ್ನು ಫೋಟೋದಲ್ಲಿ ಬಿಟ್ಟರೆ ಮುಟ್ಟಿದವನಲ್ಲ.

ಒಂದು ದಿನ ಬೆಳಿಗ್ಗೆ ಅವನ ತಂದೆ ನಮ್ಮ ಶೆಡ್ಡಿಗೆ ಬಂದರು. ರಿಟೈರಾದ ಆಫೀಸರು, ಇಸ್ತ್ರಿ ಮಾಡಿದ ಶರ್ಟು, ವಾಕಿಂಗ್ ಶೂ, ಮುಖದಲ್ಲಿ ಸೂತಕ.

"ನೋಡಿ, ನನ್ನ ಮಗನಿಗೆ ರೋಬೋಟ್ ಕೊಡ್ತಾರೆ ಅಂತ ಕಳಿಸಿದ್ದು. ಕೈಗೆ ಒಂದು ಅರ ಕೊಟ್ಟು, ಕಬ್ಬಿಣದ ಗಟ್ಟಿ ಉಜ್ಜು ಅಂದಿದ್ದಾರೆ. ಎರಡು ವಾರ ಆಯ್ತು, ಉಜ್ಜುತ್ತಲೇ ಇದ್ದಾನೆ. ನಾಲ್ಕೂ ಕಡೆ ಸಮ ಬಂದರೆ ಮಾತ್ರ ಮುಂದಿನ ಯಂತ್ರಕ್ಕೆ ಬಿಡ್ತಾರಂತೆ."

"ನಮ್ಮ ಹುಡುಗಿದು?"

"ಅವಳದು ನಾಲ್ಕನೇ ದಿನವೇ ಆಯ್ತಂತೆ. ಅದಕ್ಕೇ ಬಂದೆ. ಏನು ಹೇಳಿಕೊಟ್ಟಿದ್ದೀರಿ? ನನಗೆ ಹೇಳಿ, ನಾನು ಅವನಿಗೆ ಫೋನಲ್ಲಿ ಹೇಳ್ತೀನಿ."

ಅರ ಹಿಡಿಯೋದನ್ನು ಬಾಯಲ್ಲಿ ಹೇಳೋಕಾಗುತ್ತಾ? ಕಾಲು ಹೇಗಿಡಬೇಕು, ಮೊಣಕೈ ಎಲ್ಲಿರಬೇಕು, ತೋರಿಸಿದೆ. ಅವರು ಬರೆದುಕೊಂಡರು. "ಬರೆದರೆ ಬರಲ್ಲ ಸಾರ್, ಹಿಡೀರಿ" ಅಂತ ಅರ ಕೈಗೆ ಕೊಟ್ಟೆ. ಹಿಡಿದರು. ಒಂದು ಎಳೆತ ಎಳೆದರು. ಇನ್ನೊಂದು. ಮೈಮೇಲೆ ದೇವರು ಬಂದ ಹಾಗೆ ಹತ್ತು ಗಂಟೆಯ ತನಕ ಉಜ್ಜಿದರು. ಹೋಗುವಾಗ "ಬಿಪಿ ಇಳಿದ ಹಾಗಿದೆ" ಅಂದರು.

ಮಾರನೇ ದಿನವೂ ಬಂದರು. ಅದರ ಮಾರನೇ ದಿನ, ಮನೆಯಿಂದಲೇ ಹಳೇ ಶರ್ಟು ಹಾಕಿಕೊಂಡು ಬಂದರು. ಮಗನ ಗಟ್ಟಿ ಅಲ್ಲಿ ಇನ್ನೂ ಓರೆಯಾಗೇ ಇದೆ. ಅಪ್ಪನದು ಮಾತ್ರ ನಾಲ್ಕೂ ಕಡೆ ಸಮ. ಕಾರ್ಖಾನೆಯವರು ತಪ್ಪು ಮನುಷ್ಯನಿಗೆ ವೀಸಾ ಕೊಟ್ಟಿದ್ದಾರೆ.

ಕಂಡಕ್ಟರ್ ಸರಬರಾಜು

ಐದೂವರೆ ತಿಂಗಳಾಯ್ತು. ಕೊನೆಯ ಪರೀಕ್ಷೆಗೆ ಹುಡುಗಿ ಒಂದು ಸರಳನ್ನು ಅಳತೆಗೆ ಸರಿಯಾಗಿ ಕಡೆದು ಕೊಡಬೇಕು. ಶುಕ್ರವಾರ ಗಡುವು. ಅವಳ ಪಾಲಿಗೆ ಬಂದ ಲೇತು ಸವೆದಿತ್ತು. ಸರಳು ತಿರುಗುವಾಗ ಒಂದು ಕೂದಲಷ್ಟು ಓಲಾಡ್ತಿತ್ತು. ರಿಪೇರಿಯವನಿಗೆ ಅರ್ಜಿ ಹಾಕಿದರೆ ಅವನು ಬರೋದು ಎರಡು ವಾರದ ಮೇಲೆ.

ಈ ಕಾಯಿಲೆಗೆ ನನ್ನ ಶೆಡ್ಡಿನಲ್ಲಿ ಒಂದು ಔಷಧಿ ಇದೆ. ಲೇತಿನಲ್ಲಿ ಸರಳನ್ನು ಕಚ್ಚಿ ಹಿಡಿಯೋಕೆ ಮೂರು ಹಲ್ಲುಗಳಿರುತ್ತವೆ. ಓಲಾಟ ಯಾವ ಕಡೆಗಿದೆ ನೋಡಿ, ಆ ಹಲ್ಲಿಗೂ ಸರಳಿಗೂ ನಡುವೆ ಒಂದು ಬಸ್ ಟಿಕೆಟ್ ಇಟ್ಟು ಬಿಗಿ ಮಾಡೋದು. ಬಸ್ ಟಿಕೆಟ್ಟೇ ಯಾಕೆ? ಪೇಪರಿನ ತುಂಡು ಒಂದೊಂದು ಒಂದೊಂದು ದಪ್ಪ. ಟಿಕೆಟ್ಟು ಬನಶಂಕರಿಯಲ್ಲಿ ಹರಿದರೂ ಅಷ್ಟೇ, ಬಿಳೇಕಹಳ್ಳಿಯಲ್ಲಿ ಹರಿದರೂ ಅಷ್ಟೇ. ನಲವತ್ತು ವರ್ಷ ಟಿಕೆಟ್ ಇಟ್ಟು ಕಡೆದಿದ್ದೀನಿ. ನಾನು ಕಡೆದ ಒಂದು ಸರಳು ಎಷ್ಟು ನೆಟ್ಟಗಿತ್ತು ಅಂದ್ರೆ, ಅದರ ಪಕ್ಕ ನಿಲ್ಲಿಸಿದಾಗಲೇ ನಮ್ಮ ರಸ್ತೆಯ ಲೈಟ್ ಕಂಬ ವಾಲಿದೆ ಅಂತ ಎಲ್ಲರಿಗೂ ಗೊತ್ತಾಗಿದ್ದು.

ಹುಡುಗಿಯ ಪರ್ಸಿನ ತುಂಬ ಟಿಕೆಟ್ಟು. ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ, ಸೊನ್ನೆ ರೂಪಾಯಿ ಅಂತ ಅಚ್ಚು ಹಾಕಿಕೊಡ್ತಾರೆ. ಅದರಲ್ಲಿ ಒಂದು ತೆಗೆದು ಹಲ್ಲಿನ ಕೆಳಗಿಟ್ಟಳು, ಕಡೆದಳು, ಕೊಟ್ಟಳು.

ಅಳತೆ ಸರಿಯಾಗಿ ಬಂತು. ಗಲಾಟೆ ಶುರುವಾಗಿದ್ದೇ ಅದಕ್ಕೆ.

ಆ ಲೇತು ಕೆಟ್ಟಿದೆ ಅಂತ ಅವರ ರಿಜಿಸ್ಟರಿನಲ್ಲಿ ಬರೆದಿದೆ. ಕೆಟ್ಟ ಯಂತ್ರದಿಂದ ಒಳ್ಳೆಯ ಸರಳು ಹೇಗೆ ಬಂತು? ನಮ್ಮಲ್ಲಾಗಿದ್ರೆ "ಬಂತಲ್ಲ, ಬಿಡು ಗುರು" ಅಂತಿದ್ರು. ಅವರು ಯಂತ್ರ ನಿಲ್ಲಿಸಿ ಐದು ಜನ ಸುತ್ತ ನಿಂತರು. ಚಿಮಟದಲ್ಲಿ ಟಿಕೆಟ್ ಹೊರಗೆಳೆದು, ಗಾಜಿನ ತಟ್ಟೆಯಲ್ಲಿಟ್ಟು, ನಾಲ್ಕೂ ಮೂಲೆ ಅಳೆದರು. ನಾಲ್ಕೂ ಒಂದೇ ದಪ್ಪ. ಸಾಹೇಬ ಹುಡುಗಿಗೆ ಒಂದು ಫಾರಂ ಕೊಟ್ಟು, ಇದನ್ನು ಪೂರ್ತಿ ತುಂಬೋ ತನಕ ಸಹಿ ಇಲ್ಲ ಅಂದ.

ಅವಳು ಫೋನ್ ಮಾಡಿದಳು. "ಅಜ್ಜಾ, ವಸ್ತುವಿನ ಬೆಲೆ ಅಂತ ಕೇಳ್ಯಾರ."

"ಟಿಕೆಟ್ ಮೇಲೆ ಏನಿದೆಯೋ ಅದನ್ನೇ ಬರಿ."

"ಸೊನ್ನೆ ಅಂತ ಬರದೆ. ಇದನ್ನ ಉಪಯೋಗಿಸಲಿಕ್ಕೆ ಅನುಮತಿ ಕೊಟ್ಟವರು ಯಾರು ಅಂತ ಐತ್ರಿ. ನಮ್ಮ ಪ್ರೊಫೆಸರ್ ಅಂತ ಬರದೀನಿ. ಈಗ ಅವರು ನಮ್ಮ ಕಾಲೇಜಿಗೇ ಪತ್ರ ಬರೀತಾರಂತ. ನನ್ನ ಕಥಿ ಮುಗೀತ್ರಿ."

"ಹೆದರಬೇಡ, ನಾನಿದ್ದೀನಿ. ಫಾರಂ ತುಂಬಿದ್ದಾಯ್ತಾ?"

"ಇನ್ನೊಂದು ಉಳದೈತ್ರಿ. ಸರಬರಾಜು ಮಾಡಿದವರು ಯಾರು?"

"ಕಂಡಕ್ಟರ್ ಅಂತ ಬರಿ" ಅಂದೆ. ಬರೆದಳು. ಆ ಕಂಡಕ್ಟರ್ ಸಾಹೇಬರ ಹತ್ತಿರ ತಿಂಗಳಿಗೆ ಎಷ್ಟು ಟಿಕೆಟ್ ಸಿಗುತ್ತೆ ಅಂತ ಆ ಕಡೆಯಿಂದ ವಿಚಾರಣೆ ಬಂತಂತೆ.

ಸೋಮವಾರದ ಪಾಠ

ಕಾಲೇಜಿಗೆ ಪತ್ರ ಬಂದೇ ಬಂತು. ಆ ವಿಭಾಗದ ಮುಖ್ಯಸ್ಥರು, ಅಂದ್ರೆ ನಿಜವಾದ ಪ್ರೊಫೆಸರು, ದೊಡ್ಡ ಕಾರಿನಲ್ಲಿ ಬಂದು ನಮ್ಮ ಶೆಡ್ಡಿನ ಮುಂದೆ ಇಳಿದರು. ರಸ್ತೆಯಲ್ಲಿ ಆಟೋ ಹೋಗೋಕೂ ಜಾಗ ಉಳಿಯಲಿಲ್ಲ.

"ಟಿಕೆಟ್ ಪದ್ಧತಿ ಕಲಿಸಿದ ಪ್ರೊಫೆಸರ್ ಸೋಮವಾರ ವಿಡಿಯೋದಲ್ಲಿ ಬಂದು ಅದನ್ನು ಮಾಡಿ ತೋರಿಸಬೇಕಂತೆ. ತೋರಿಸಿದರೆ ಆ ಹುಡುಗಿಗೆ ಸಹಿ. ಆ ಪ್ರೊಫೆಸರ್ ನಾನಲ್ಲ. ಯಾರು?"

ಎದೆ ಮುಂದೆ ಮಾಡಿ "ನಾನೇ" ಅಂದೆ.

ಮೇಲಿಂದ ಕೆಳಗೆ ನನ್ನನ್ನು ನೋಡಿದರು. ಬನೀನು, ಅದರ ತೂತು, ಎಲ್ಲ ನೋಡಿದರು. ಬೈತಾರೆ ಅಂದುಕೊಂಡೆ. ಅವರು ಮೆಲ್ಲಗೆ, "ನನಗೆ ಹೇಳಿಕೊಡಿ, ಸೋಮವಾರ ನಾನೇ ತೋರಿಸಿಬಿಡ್ತೀನಿ" ಅಂದರು.

ಹೆಂಡತಿ ಕಾಫಿ ಕೊಡ್ತಾ ಅಂದಳು, "ಆಗಲ್ಲ ಸಾರ್. ಪ್ರೊಫೆಸರ್ ಮುಖ ಆ ಸಾಹೇಬ ಇಂಟರ್‌ವ್ಯೂನಲ್ಲೇ ನೋಡಿಬಿಟ್ಟಿದ್ದಾನೆ. ಬನೀನಿನ ಸಮೇತ."

ಅವರು ಕಾಫಿ ಕುಡೀತಾನೇ ಲೆಕ್ಕ ಹಾಕಿದರು. ನಿಜ ಹೇಳಿದರೆ ಹುಡುಗಿಯ ಒಂದು ವರ್ಷ ಮುಳುಗುತ್ತೆ, ಮುಂದಿನ ವರ್ಷದ ಹುಡುಗರಿಗೂ ಆ ಕಾರ್ಖಾನೆಯ ಬಾಗಿಲು ಮುಚ್ಚುತ್ತೆ. ಕೊನೆಗೆ ಲೋಟ ಕೆಳಗಿಟ್ಟರು. "ಸರಿ. ನೀವು ತೋರಿಸಿ. ನಾನು ಇಂಗ್ಲಿಷಿನಲ್ಲಿ ಹೇಳ್ತೀನಿ."

ಸೋಮವಾರ ಬಂತು. ಮುಖ್ಯಸ್ಥರು ಕೋಟು ಹಾಕಿಕೊಂಡು ಬಂದರು. ಹೆಂಡತಿ ಬಲವಂತವಾಗಿ ನನಗೆ ಶರ್ಟು ಹಾಕಿಸಿದಳು. ಮೂಲೆಯಲ್ಲಿ ಜಯನಗರದ ತಂದೆ ಎಂದಿನಂತೆ ಅರ ಎಳೆಯುತ್ತಿದ್ದರು, ಯಾರು ಬಂದರೂ ನಿಲ್ಲಿಸೋ ಮನುಷ್ಯ ಅಲ್ಲ. ಫೋನಿನಲ್ಲಿ ಸಾಹೇಬ, ಅವನ ಹಿಂದೆ ಇಪ್ಪತ್ತು ಜನ, ಒಂದು ಕೊನೆಯಲ್ಲಿ ನಮ್ಮ ಹುಡುಗಿ, ಕೈಕೈ ಹಿಸುಕಿಕೊಳ್ತಾ.

ನಾನು ಟಿಕೆಟ್ ಇಟ್ಟೆ, ಬಿಗಿ ಮಾಡಿದೆ, ಕಡೆದೆ. ಉಗುರು ಎಳೆದು ಅಳತೆ ಹೇಳಿದೆ. ಮುಖ್ಯಸ್ಥರು ವರ್ನಿಯರ್ ಹಿಡಿದು ಕ್ಯಾಮೆರಾಗೆ ತೋರಿಸಿದರು. ಅವತ್ತು ವರ್ನಿಯರಿಗೂ ಬುದ್ಧಿ ಬಂದಿತ್ತು, ಕೂದಲಷ್ಟೂ ವ್ಯತ್ಯಾಸವಿಲ್ಲ. ಆ ಕಡೆ ಇಪ್ಪತ್ತು ಜನ ಮೇಜು ಬಡಿದರು. ನಮ್ಮೆದುರಿಗೇ ಸಾಹೇಬ ಪೆನ್ನು ತೆಗೆದು ಹುಡುಗಿಯ ಕಾಗದಕ್ಕೆ ಸಹಿ ಹಾಕಿದ. ಅವಳು ಮುಖ ಮುಚ್ಚಿಕೊಂಡು ಅತ್ತಳು. ಕಾವಲಿನವನು ಕಣ್ಣಿಗೆ ಏನೋ ಬಿತ್ತು ಅಂತ ಓಡಿ ಬರ್ತಿದ್ದದ್ದು ನನಗೆ ಫೋನಿನಲ್ಲೇ ಕಾಣ್ತು.

ಫೋನು ಇಡುವ ಮುಂಚೆ ಸಾಹೇಬ ಬೆರಳು ತೋರಿಸಿ ಏನೋ ಕೇಳಿದ. ಮುಖ್ಯಸ್ಥರ ಮುಖ ಕೆಂಪಗಾಯ್ತು.

"ಏನಂತೆ ಸಾರ್?"

"ನಿಮ್ಮ ಜೊತೆ ಇರುವ ಇಬ್ಬರು ಯಾರು ಅಂತಾನೆ."

"ಏನು ಹೇಳಿದ್ರಿ?"

ಕರ್ಚೀಫಿನಲ್ಲಿ ಹಣೆ ಒರೆಸಿಕೊಂಡರು. "ಇವರ ಸ್ಟೂಡೆಂಟ್ಸು ಅಂದೆ."

ಸಾಹೇಬ ಮತ್ತೆ ಏನೋ ಕೇಳಿದ. ಅದನ್ನೂ ಪಾಪ ಅವರೇ ನನಗೆ ಕನ್ನಡದಲ್ಲಿ ಹೇಳಬೇಕಾಯ್ತು: "ಅರ ಹಿಡಿದವರು ಚೆನ್ನಾಗಿ ಕಲಿತಿದ್ದಾರೆ. ಈ ಕೋಟಿನವರಿಗೆ ಟಿಕೆಟ್ ಪದ್ಧತಿ ಬಂತಾ, ಅಂತ."

"ಎಲ್ಲಿ ಬರುತ್ತೆ ಅಂತ ಹೇಳಿ ಸಾರ್," ಅಂದೆ, "ದಿನಾ ಕಾರಲ್ಲಿ ಓಡಾಡ್ತಾರೆ."